ಗೂಟ ಹೊಡೆದ ಊರು

ನನ್ನ ತಂಗಿ ನಿಂಬೆವ್ವನನ್ನು ಒಂದು ಮಾತು ಕೇಳುವುದಿತ್ತು. ಕೇಳಬೇಕೆಂದರೆ ಅವಳ ಮನೆ ನನ್ನ ಮನೆಯ ಹತ್ತಿರ ಬರಬೇಕಾಗಿತ್ತು. ಬರುತ್ತಲೂ ಇತ್ತು. ಅಷ್ಟರಲ್ಲಿ ನಕಾಶೆ ಸಾಹೇಬ ಬಂದು ಅದಕ್ಕೆ ಗೂಟ ಹೊಡೆದ. ಸಿಟ್ಟು ತಣ್ಣಗಾದ ಮೇಲೆ ಇದನ್ನು ಹೇಳೋಣವೆಂದುಕೊಂಡಿದ್ದೆ. ಅದು ತಣ್ಣಗಾಗುವ ಲಕ್ಷಣ ಕಾಣಲಿಲ್ಲ. ನನಗೂ ವಯಸ್ಸಾಯಿತು. ಹಾಗಾಗಿ ಬಿಸಿ ಇರುವಾಗಲೇ ಹೇಳುತ್ತೇನೆ.

ನಮ್ಮ ಊರಿನಲ್ಲಿ ಮನೆಗಳು ಸರಿಯುತ್ತವೆ. ಮಧ್ಯಾಹ್ನ ಊಟ ಮುಗಿಸಿ ಜನ ಅಡ್ಡಾಗಿರುವ ಹೊತ್ತಿನಲ್ಲಿ ಕೊಡದೊಳಗಿನ ನೀರು ತುಸು ತುಳುಕುತ್ತದೆ, ತೊಲೆಗೆ ಕಟ್ಟಿದ ನೆಲುವು ತೂಗುತ್ತದೆ, ಅಷ್ಟೇ. ಎದ್ದು ನೋಡಿದರೆ ಮನೆ ನಿನ್ನೆ ಇದ್ದಲ್ಲಿಂದ ಗೇಣೋ ಮೊಳವೋ ಆಚೆಗೆ ಹೋಗಿರುತ್ತದೆ. ಒಲಿದವರ ಕಡೆಗೆ ನಿಧಾನವಾಗಿ ಹೋಗುತ್ತದೆ, ಮುನಿದವರಿಂದ ಬೇಗ ದೂರ ಹೋಗುತ್ತದೆ. ಬಾವಿಗಳು ಮಾತ್ರ ಇದ್ದಲ್ಲೇ ಇರುವುದರಿಂದ, ಹೊಸದಾಗಿ ಜಗಳ ತೆಗೆದ ಮನೆಯ ಹೆಂಗಸರಿಗೆ ನೀರು ಹೊರುವ ಕೆಲಸ ಹೆಚ್ಚು. ಯಾರೂ ಕಂಪೌಂಡು ಕಟ್ಟುತ್ತಿರಲಿಲ್ಲ. ಎರಡು ಮನೆಗಳ ನಡುವೆ ಬಟ್ಟೆಯ ಹಗ್ಗವನ್ನು ಬಿಗಿದು ಕಟ್ಟುತ್ತಿರಲಿಲ್ಲ. ಹೆಣ್ಣು ಕೊಡುವವರು ಹುಡುಗನನ್ನು ನೋಡುವ ಮೊದಲು ಅವನ ಮನೆಗೂ ಅಣ್ಣತಮ್ಮಂದಿರ ಮನೆಗಳಿಗೂ ನಡುವೆ ಎಷ್ಟು ಜಾಗ ಬಿದ್ದಿದೆ ಎಂದು ನೋಡುತ್ತಿದ್ದರು. ಅಂಚೆಯವನು ಓಣಿಯ ಹೆಸರು ಕೇಳುತ್ತಿರಲಿಲ್ಲ. ಸದ್ಯಕ್ಕೆ ಯಾರ ಮಗ್ಗುಲಿಗೆ ಇದ್ದಾರೆ ಎಂದು ಕೇಳುತ್ತಿದ್ದ.

ಮನೆ ಬರಬೇಕೆಂದರೆ ನೆಲ ಗುಡಿಸಬೇಕು. ಬೆಳಿಗ್ಗೆ ಅಂಗಳ ಗುಡಿಸಿಯಾದ ಮೇಲೆ, ಯಾರ ಕಡೆಗೆ ಹೋಗುವ ಮನಸ್ಸಿದೆಯೋ ಆ ದಿಕ್ಕಿನ ಕಲ್ಲುಮುಳ್ಳು ಆರಿಸಿ ಒಂದಿಷ್ಟು ನೆಲ ಗುಡಿಸುವುದು ನಮ್ಮಲ್ಲಿ ಪದ್ಧತಿ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಗುಡಿಸುತ್ತೇವೆ. ಆ ಕಡೆಯವರಿಗೂ ಮನಸ್ಸು ಬಂದರೆ ತಮ್ಮ ಕಡೆಯಿಂದ ಗುಡಿಸುತ್ತಾರೆ. ಮನೆ ಬಂದು ಮುಟ್ಟುವ ತನಕ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವಂತಿಲ್ಲ. ಮುನಿದವರ ಮನೆಗೆ ನಡೆದು ಹೋಗುವುದೆಂದರೆ, ನಿನ್ನ ಮನೆ ಎಂದಿಗೂ ಬರುವುದಿಲ್ಲ ಎಂದು ಮುಖಕ್ಕೆ ಉಗಿದ ಹಾಗೆ. ಬರುವ ಮನೆಗೆ ಕಾದು ಕಾದು ಎಷ್ಟೋ ಜನ ಸತ್ತಿದ್ದಾರೆ. ಕಾಲಿದ್ದೂ ಕೂತೆವು. ಮೂರ್ಖತನವೇ ಅನ್ನಿ, ಆದರೆ ಅದು ನಮ್ಮದಾಗಿತ್ತು, ಅದನ್ನು ಯಾರೂ ಮಾರಾಟಕ್ಕೆ ಇಟ್ಟಿರಲಿಲ್ಲ.

ನಕಾಶೆ ಸಾಹೇಬ ಮೊದಲ ಸಲ ಬಂದಾಗ ಸಾಹೇಬನಾಗಿರಲಿಲ್ಲ. ಮೀಸೆ ಆಗಷ್ಟೇ ಕಪ್ಪಾಗುತ್ತಿದ್ದ ಹುಡುಗ, ಹೆಸರು ಅಚ್ಯುತ, ದೊಡ್ಡ ಊರಿನ ಕಾಲೇಜಿನಲ್ಲಿ ಭೂಗೋಳ ಓದುತ್ತಿದ್ದ. ಯಾರೂ ನಕಾಶೆ ಮಾಡದ ಊರಿನ ನಕಾಶೆ ಮಾಡಿ ಹೆಸರು ಪಡೆಯುವ ಆಸೆ ಅವನಿಗೆ. ನಮ್ಮ ಪಡಸಾಲೆಯಲ್ಲಿ ಇದ್ದ. ನನ್ನ ಮಗಳು ಚಂಪಾ ಆಗ ಸಣ್ಣವಳು. ಅವನು ನೆಲದ ಮೇಲೆ ದೊಡ್ಡ ಹಾಳೆ ಹಾಸಿಕೊಂಡು ಗೆರೆ ಎಳೆಯುತ್ತಿದ್ದರೆ ಪಕ್ಕದಲ್ಲಿ ಬೋರಲು ಮಲಗಿ, ನಮ್ಮ ಮನೆ ಎಲ್ಲಿ, ಚಿಗವ್ವ ನಿಂಬೆವ್ವನ ಮನೆ ಎಲ್ಲಿ ಎಂದು ಕೇಳುತ್ತಿದ್ದಳು. ಅವನು ತೋರಿಸುತ್ತಿದ್ದ. ಅವಳಿಗೆ ರೊಟ್ಟಿ ಮುರಿದು ಕೊಡುತ್ತಿದ್ದ. ಆ ಹುಡುಗ ನನಗೆ ಬೇಕಾದವನಾಗಿದ್ದ ಎಂಬುದನ್ನು ಮರೆಮಾಚುವುದಿಲ್ಲ.

ಅವನ ಗೆರೆಗಳ ಶಾಯಿ ಒಣಗುವುದರೊಳಗೆ ಊರು ಬೇರೆ ಆಗಿರುತ್ತಿತ್ತು. ಗೌಡರ ಅಣ್ಣತಮ್ಮಂದಿರು ಹಿಸ್ಸೆ ಕೇಳಿದರು, ಒಂದು ಓಣಿ ಬಾಯಿ ತೆರೆದು ಮೈದಾನವಾಯಿತು. ಚಮ್ಮಾರರ ಹುಡುಗಿಯೂ ಬಡಿಗೇರ ಹುಡುಗನೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ಎರಡು ಕೇರಿಗಳು ಒಂದರೊಳಗೊಂದು ಹೊಕ್ಕವು. ಚಹಾದ ಅಂಗಡಿಯ ಲಾಡ್ಲೇಸಾಬನ ಅಂಗಡಿಯಂತೂ ಎಲ್ಲಿ ಜನ ಸೇರುತ್ತಾರೋ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಅಚ್ಯುತ ಅದನ್ನು ರಬ್ಬರಿನಿಂದ ಒರೆಸಿ ಒರೆಸಿ ಹಾಳೆಯಲ್ಲಿ ತೂತು ಬಿತ್ತು. ಆ ತೂತಿನೊಳಗೆ ಬೆರಳು ತೂರಿಸಿ ಚಂಪಾ ನಕ್ಕಳು. ಅವನು ನಗಲಿಲ್ಲ. ಆಮೇಲೆ ಕೇಳಿದೆ, ಕಾಲೇಜಿನಲ್ಲಿ ಅವನ ಗುರುಗಳು ಆ ನಕಾಶೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಇದು ಊರೋ ಕುರಿಯ ಹಿಂಡೋ ಎಂದರಂತೆ, ತರಗತಿಯೆಲ್ಲ ನಕ್ಕಿತಂತೆ. ಆ ನಗೆ ಅವನ ಹೊಟ್ಟೆಯಲ್ಲಿ ಮುಳ್ಳಾಗಿ ನಿಂತಿತು. ಅದು ಅವನ ಕಷ್ಟ. ಆದರೆ ಆ ಮುಳ್ಳು ತೆಗೆಯಲು ಅವನು ನಮ್ಮ ಊರನ್ನೇ ಚುಚ್ಚಬೇಕಾಗಿತ್ತೇ?

ಆಗ ನನ್ನ ಮನೆ, ನಿಂಬೆವ್ವನ ಮನೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೇ ಮನೆಯೇನೋ ಅನ್ನಬೇಕು, ಹಾಗೆ. ಅಡುಗೆಮನೆಯ ಗೋಡೆಯಲ್ಲಿ ಎರಡೂ ಕಡೆಗೆ ಹಾಯುವ ಒಂದು ಕಿಂಡಿ, ಅವಳ ಕಡೆಗೆ ಒಂದು ಹಲಗೆಯ ಮುಚ್ಚಳ. ಕೆಂಡ, ಮಜ್ಜಿಗೆ, ಚಾಡಿ, ಎಲ್ಲವೂ ಆ ಕಿಂಡಿಯಿಂದಲೇ ಹೋಗಿ ಬರುತ್ತಿದ್ದವು. ಚಂಪಾ ಅದರೊಳಗೆ ತಲೆ ತೂರಿಸಿ ಚಿಗವ್ವಾ ಎಂದರೆ ಅವಳ ಬಾಯಿಗೆ ಏನಾದರೂ ಬೀಳುತ್ತಿತ್ತು. ಅಚ್ಯುತ ಹೋದ ಮೇಲಿನ ಬೇಸಿಗೆಯಲ್ಲಿ ಚಂಪಾಗೆ ಮೈಮೇಲೆ ದಡಾರ ಎದ್ದಿತು. ನಿಂಬೆವ್ವ ಆಗ ಬಸುರಿ. ಅವಳು ಹಲಗೆ ಮುಚ್ಚಿದಳು. ನನ್ನ ಮಗಳು ಜ್ವರದಲ್ಲಿ ಬೇಯುತ್ತಾ ಕಿಂಡಿಯ ಕೆಳಗೇ ಹಾಸಿಕೊಡು ಎಂದು ಹಟ ಹಿಡಿದಳು. ಅಲ್ಲೇ ಮಲಗಿ ಚಿಗವ್ವಾ, ಚಿಗವ್ವಾ ಎಂದು ಕರೆದಳು. ಹಲಗೆ ತೆರೆಯಲಿಲ್ಲ. ಕರೆಯುವುದು ನಿಂತ ಮೇಲೂ ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ನನ್ನ ಮನೆ ಹೊರಟಿತು. ಅಂಥ ನಡಿಗೆಯನ್ನು ಊರು ಕಂಡಿರಲಿಲ್ಲ. ಪಾತ್ರೆಗಳು ಉರುಳಿದವು, ಒಲೆ ಸೀಳಿತು. ಅದು ಊರಿನ ಕೊನೆಯ ಸುಣ್ಣದ ಗೂಡುಗಳನ್ನು ದಾಟಿ, ಜಾಲಿಯ ಪೊದೆಗಳ ಆಚೆಗೆ ಹೋಗಿ ನಿಂತಿತು. ಕಿಂಡಿ ಮಾತ್ರ ಊರಿನ ಕಡೆಗೇ ಇತ್ತು. ಅದನ್ನು ನಾನು ಮುಚ್ಚಲಿಲ್ಲ. ಗಾಳಿ ಬರುತ್ತಿತ್ತು, ಧೂಳು ಬರುತ್ತಿತ್ತು, ಬರಲಿ ಎಂದು ಬಿಟ್ಟೆ.

ಅದರಿಂದಲೇ ಒಂದು ದಿನ ಕಂಡೆ. ದೂರದಲ್ಲಿ, ಬಯಲಿನ ಆ ತುದಿಯಲ್ಲಿ ಬಗ್ಗಿದ ಒಂದು ಬೆನ್ನು. ನಿಂಬೆವ್ವ ನನ್ನ ಕಡೆಗೆ ಗುಡಿಸುತ್ತಿದ್ದಳು. ಹೆರಿಗೆಯಾಗಿ ಬಾಣಂತನ ಮುಗಿದಿರಬೇಕು. ಮಾರನೆಯ ದಿನವೂ ಗುಡಿಸಿದಳು. ಮಳೆಗಾಲದಲ್ಲಿ ಕೆಸರನ್ನು ಎಳೆದಳು, ಬೇಸಿಗೆಯಲ್ಲಿ ಧೂಳನ್ನು. ಅವಳ ಮನೆ ಗೇಣು ಗೇಣು ಬರತೊಡಗಿತು. ನಾನು ಗುಡಿಸಲಿಲ್ಲ. ನನ್ನ ಗಂಡ ಒಂದೆರಡು ಸಲ ಪೊರಕೆಯನ್ನು ಬಾಗಿಲ ಹತ್ತಿರ ಇಟ್ಟು ನೋಡಿದರು. ನಾನು ಅದನ್ನು ಒಳಗೆ ತಂದಿಟ್ಟೆ. ಬರಲಿ, ಅವಳೇ ಪೂರ್ತಿ ಬರಲಿ, ಬಂದ ದಿನ ಕೇಳುತ್ತೇನೆ ಎಂದುಕೊಂಡೆ. ಯಾಕೆ ತೆರೆಯಲಿಲ್ಲ? ಇಷ್ಟೇ ಮಾತು. ಅದನ್ನು ಬಾಯಲ್ಲಿಟ್ಟುಕೊಂಡೇ ವರ್ಷಗಳನ್ನು ಕಳೆದೆ.

ಅಚ್ಯುತ ಎರಡನೆಯ ಸಲ ಬಂದಾಗ ಕಾರಿನಲ್ಲಿ ಬಂದ, ಕೊರಳಲ್ಲಿ ಗುರುತಿನ ಚೀಟಿ ಇತ್ತು. ನೆಲವನ್ನು ಬಿಟ್ಟು ಈಗ ಜನರನ್ನು ಎಣಿಸುತ್ತಿದ್ದ. ಮನೆಯಲ್ಲಿ ಎಷ್ಟು ಜನ, ಯಾರಿಗೆಷ್ಟು ವಯಸ್ಸು, ಹುಟ್ಟಿದ್ದೆಷ್ಟು, ಸತ್ತಿದ್ದೆಷ್ಟು, ಬಿಟ್ಟು ಹೋದವರೆಷ್ಟು. ನೆಲ ಹಿಡಿಗೆ ಸಿಗದಿದ್ದರೆ ತಲೆಗಳಾದರೂ ಸಿಗಲಿ ಎಂದಿರಬೇಕು. ಬಯಲು ದಾಟಿ ನನ್ನ ಮನೆಗೂ ಬಂದ. ನೀರು ಕೊಟ್ಟೆ. ಪಡಸಾಲೆಯಲ್ಲಿ ತಾನು ಹಾಳೆ ಹಾಸುತ್ತಿದ್ದ ಜಾಗದಲ್ಲೇ ಕೂತ. ಮನೆಯಲ್ಲಿ ಎಷ್ಟು ಜನ ಎಂದ. ನಾನು, ನನ್ನ ಗಂಡ ಎಂದೆ. ಅವನು ಹಳೆಯ ಹಾಳೆಯೊಂದನ್ನು ತಿರುವಿ ನೋಡಿ, ಮೊದಲು ಮೂರು ಇತ್ತಲ್ಲ ಎಂದ. ಈಗ ಇಲ್ಲ ಎಂದೆ. ಒಂದನ್ನು ಕಳೆದು ಬರೆದುಕೊಂಡ. ಕಾಯಿಲೆಯೋ ಅಪಘಾತವೋ ಎಂದ. ಕಾಯಿಲೆ ಎಂದೆ. ಅದನ್ನೂ ಬರೆದುಕೊಂಡು, ನೀರು ಕುಡಿದು, ಎದ್ದ.

ಅವಳ ಹೆಸರು ಹೇಳುತ್ತಾನೇನೋ ಎಂದು ಕಾದಿದ್ದೆ. ನೆನಪಿರಲಿಲ್ಲವೋ, ನೆನಪಿದ್ದೂ ಬರೆಯಲು ಅಂಥ ಜಾಗ ಇರಲಿಲ್ಲವೋ ತಿಳಿಯದು. ರೊಟ್ಟಿ ಮುರಿದು ಕೊಟ್ಟ ಕೈಯಲ್ಲೇ ಕಳೆದು ಬರೆದ. ಆವತ್ತು ನಾನು ಏನೂ ಅನ್ನಲಿಲ್ಲ. ನಾನು ಬೇಗ ಮಾತಾಡುವವಳಲ್ಲ.

ನನ್ನ ಗಂಡ ತೀರಿಕೊಂಡರು. ನಿಂಬೆವ್ವನ ಗಂಡನೂ ತೀರಿಕೊಂಡ. ಅವಳ ಹೊಟ್ಟೆಯಲ್ಲಿದ್ದವನು ಬಸಲಿಂಗ, ಬೆಳೆದು ಮಕ್ಕಳ ತಂದೆಯಾದ. ಅವಳ ಮನೆ ಬಯಲಿನ ಅರ್ಧಕ್ಕಿಂತ ಹೆಚ್ಚು ದಾಟಿ ಬಂದಿತ್ತು. ಗಾಳಿ ಈ ಕಡೆ ಬೀಸಿದರೆ ಅವಳ ಒಗ್ಗರಣೆಯ ವಾಸನೆ ನನ್ನ ಕಿಂಡಿಗೆ ಬರುತ್ತಿತ್ತು. ಆಗ ಅವನು ಮೂರನೆಯ ಸಲ ಬಂದ.

ಈ ಸಲ ಒಂದು ಕಂಪನಿಯ ಕಡೆಯಿಂದ ಬಂದಿದ್ದ. ಯಾವ ಊರಿನಲ್ಲಿ ಮನೆಗಳಿಗೆ ಎಷ್ಟು ಬೆಲೆ ಬರುತ್ತದೆ, ಯಾರು ಕೊಳ್ಳುತ್ತಾರೆ, ಎಲ್ಲಿ ಮುದುಕರಿದ್ದಾರೆ, ಎಲ್ಲಿ ಹೊಸ ಸಂಸಾರಗಳು ಬರುತ್ತವೆ ಎಂದು ಲೆಕ್ಕ ಹಾಕಿ ಹೇಳುವ ಕೆಲಸ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಸ್ಸು ನಿಲ್ಲುವ ಕಡೆ ಆಫೀಸು ತೆರೆದು, ಊರಿನವರನ್ನೆಲ್ಲ ಕೂರಿಸಿ, ಚಹಾ ಕುಡಿಸಿ, ನಿಮ್ಮ ಮನೆಗಳಿಗೆ ಬೆಲೆ ಇಲ್ಲ ಎಂದ. ಸಂಜೆ ಇರುವ ಕಡೆ ಬೆಳಿಗ್ಗೆ ಇಲ್ಲದ ಮನೆಯನ್ನು ಯಾರು ಕೊಳ್ಳುತ್ತಾರೆ, ಯಾರು ಸಾಲ ಕೊಡುತ್ತಾರೆ, ನಲ್ಲಿಯ ಪೈಪು ಎಲ್ಲಿಗೆ ಎಳೆಯುವುದು ಎಂದು ಕೇಳಿದ. ನಾಲ್ಕು ಮೂಲೆಗೆ ಕಬ್ಬಿಣದ ಗೂಟ ಹೊಡೆದು ಬುಡಕ್ಕೆ ಸಿಮೆಂಟು ಹಾಕಿದರೆ ಮುಗಿಯಿತು, ಖರ್ಚು ಕಂಪನಿಯದು ಎಂದ.

ಜನ ಒಪ್ಪಿದರು. ಅವರ ಮೇಲೂ ನನಗೆ ಸಿಟ್ಟಿದೆ, ಆದರೆ ಸುಳ್ಳು ಹೇಳುವುದಿಲ್ಲ, ಗೂಟ ಹೊಡೆದ ಮನೆಗೆ ನಲ್ಲಿ ಬಂತು. ಹೆರಿಗೆ ನೋವು ಬಂದವರ ಬಾಗಿಲಿಗೆ ಗಾಡಿ ದಾರಿ ತಪ್ಪದೆ ಬಂತು. ಅತ್ತೆಯಿಂದ ದೂರ ಸರಿದು ನಿಂತ ಕೆಲವು ಸೊಸೆಯಂದಿರು ತಾವೇ ಹೋಗಿ, ಇವತ್ತೇ ಹೊಡೆಯಿರಿ ಎಂದು ಗೂಟದವರನ್ನು ಕರೆತಂದರು. ಲಾಡ್ಲೇಸಾಬ ಮಾತ್ರ ನಗುತ್ತಲೇ ಹೇಳಿದ, "ಸಾಹೇಬ್ರ, ನನ್ನ ಅಂಗಡಿಗೆ ಗೂಟಾ ಹೊಡದ್ರ ಗಿರಾಕಿಗೂ ಒಂದೊಂದು ಹೊಡೀಬೇಕಾಕ್ಕೈತಿ ನೋಡ್ರಿ." ಎಲ್ಲರೂ ನಕ್ಕರು. ನಕ್ಕು, ಹೆಬ್ಬೆಟ್ಟು ಒತ್ತಿದರು.

ನಿಂಬೆವ್ವನ ಮನೆಗೆ ಬಸಲಿಂಗ ಸಹಿ ಹಾಕಿದ. ಸುತ್ತಲೂ ಬಯಲಿರುವ ಮನೆಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಬರುತ್ತದೆ ಎಂದು ಸಾಹೇಬ ಹೇಳಿದ್ದನಂತೆ. ಆ ಮನೆ ಬಯಲಿನ ನಡುವೆ ಯಾಕೆ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಾಹೇಬನಿಗೂ ಗೊತ್ತಿತ್ತು, ಯಾವ ಮನೆ ಯಾವ ಕಡೆಗೆ ಎಷ್ಟು ಸರಿಯುತ್ತಿದೆ ಎಂದು ಬರೆದುಕೊಂಡವನು ಅವನೇ. ಅವನ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ನೋಟ ಎಂದು ಹೆಸರು. ಗೂಟ ಬಡಿಯುವ ಸದ್ದು ನನ್ನ ಕಿಂಡಿಯಿಂದ ಒಳಗೆ ಬಂತು. ಆಮೇಲೆ ನನ್ನ ಬಾಗಿಲಿಗೂ ಬಂದರು. ನಾನು ಹೊಸ್ತಿಲ ಮೇಲೆ ಕೂತೆ. ಏಳಲಿಲ್ಲ. ಹೋದರು.

ಗೂಟ ಹೊಡೆದ ಮಾರನೆಯ ಬೆಳಿಗ್ಗೆ ನೋಡುತ್ತೇನೆ, ನಿಂಬೆವ್ವ ಗುಡಿಸುತ್ತಿದ್ದಾಳೆ. ಕಬ್ಬಿಣಕ್ಕೆ ಕಟ್ಟಿ ಹಾಕಿದ ಮನೆಯ ಮುಂದೆ, ಎಂದೂ ಬರಲಾರದ ಮನೆಗಾಗಿ ನೆಲ ಗುಡಿಸುತ್ತಿದ್ದಾಳೆ. ಮಗ ಹೊರಗೆ ಬಂದು ಏನೋ ಅಂದ, ಕೈ ಹಿಡಿದ. ಕೊಸರಿಕೊಂಡು ಗುಡಿಸಿದಳು. ಮಧ್ಯಾಹ್ನಗಳಲ್ಲಿ ಆ ಮನೆ ನರಳುವುದು ನನಗೆ ಕೇಳಿಸುತ್ತಿತ್ತು. ಗೋಡೆಗಳು ಮೂಲೆಯಿಂದ ಬಿರುಕು ಬಿಟ್ಟವು, ಬಸಲಿಂಗ ಸುಣ್ಣ ಬಳಿದ. ಆಮೇಲೆ ನಿಂಬೆವ್ವ ಒಂದು ಕೈಯಲ್ಲಿ ಕೋಲು ಹಿಡಿದು ಗುಡಿಸತೊಡಗಿದಳು. ಆಮೇಲೆ ಕೂತು, ಕುಂಡಿ ತೆವಳುತ್ತಾ ಗುಡಿಸಿದಳು. ಒಂದು ಬೆಳಿಗ್ಗೆ ಬಯಲಿನಲ್ಲಿ ಯಾರೂ ಇರಲಿಲ್ಲ.

ಹಾಲು ಕೊಳ್ಳಲು ಹೋದಾಗ ಲಾಡ್ಲೇಸಾಬ ನನ್ನ ಮುಖ ನೋಡದೆ ಹೇಳಿದ, "ನಿಂಬೆವ್ವ ಹಾಸಿಗಿ ಹಿಡದಾಳವ್ವ. ಅನ್ನಾ ಇಳಿವಲ್ತಂತ. ಹಾಸಿಗೀನ ಅಡಗಿಮನಿಗೆ ಹಾಕಸ್ಕೊಂಡಾಳ, ಕಿಂಡೀ ಬುಡಕ."

ನಾನು ಹಾಲು ಬಿಟ್ಟು ನೇರವಾಗಿ ಆಫೀಸಿಗೆ ಹೋದೆ. ಗೋಡೆಯ ಮೇಲೆ ಗಾಜಿನೊಳಗೆ ನಕಾಶೆ ಇತ್ತು. ಕೊನೆಗೂ ಅವನಿಗೊಂದು ನಿಂತ ಊರು ಸಿಕ್ಕಿತ್ತು. ಮನೆಗಳೆಲ್ಲ ಚೌಕ ಚೌಕವಾಗಿ, ಹಸಿರು, ಕೆಂಪು, ಹಳದಿ ಬಣ್ಣದಲ್ಲಿ ಕೂತಿದ್ದವು. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟ. ಕೂರಲಿಲ್ಲ. ನನ್ನ ತಂಗಿಯ ಮನೆಯ ಗೂಟ ಕೀಳಿಸು ಎಂದೆ.

"ಆಗೂದಿಲ್ಲವ್ವಾ," ಎಂದ ಮೆತ್ತಗೆ. "ಆಕಿ ಮಗನೇ ಸಹಿ ಮಾಡ್ಯಾನ. ಕೊಳ್ಳವರು ನಾಳೆ ನೋಡಾಕ ಬರತಾರ. ಅಲ್ಲದ, ನೀನ ನೋಡೀಯಲ್ಲ, ನನ್ನ ಇಡೀ ಜೀವಮಾನದಾಗ ಒಂದು ನಕಾಶೆ ನಿಲ್ಲಲಿಲ್ಲ. ಇದೊಂದು ನಿಂತದ."

ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಅದರಿಂದ ನನ್ನ ಸಿಟ್ಟು ಇಳಿಯುವ ಬದಲು ಏರಿತು. ನಕಾಶೆಯ ಅಂಚಿನಲ್ಲಿ, ಬಯಲಿನ ಆಚೆ, ಪೆನ್ಸಿಲಿನಲ್ಲಿ ಚುಕ್ಕೆ ಚುಕ್ಕೆ ಎಳೆದ ಒಂದು ಚೌಕ ಇತ್ತು, ಒಳಗೆ ಹಳದಿ ಬಣ್ಣ. ಅದು ಯಾರ ಮನೆ ಎಂದೆ. ನಿನ್ನದೇ ಎಂದ. ಹಳದಿ ಅಂದರೇನು ಎಂದೆ. ಅವನು ಕನ್ನಡಕ ತೆಗೆದು ಒರೆಸತೊಡಗಿದ. ವಯಸ್ಸಾದವರೇ ಇರುವ ಮನೆಗಳು, ಇನ್ನು ಕೆಲವು ವರ್ಷದಲ್ಲಿ ಖಾಲಿ ಆಗುವಂಥವು, ಮುಂದೆ ಅಲ್ಲಿ ಹೊಸ ಮನೆಗಳ ಸಾಲು ಬರುತ್ತದೆ, ಕಂಪನಿಯವರಿಗೆ ತಿಳಿದಿರಬೇಕಲ್ಲ ಎಂದ.

"ನಾ ಸಾಯೂದಕ್ಕ ಬಣ್ಣಾ ಹಚ್ಚಿ ಇಟ್ಟೀಯೇನು?" ಎಂದೆ.

"ನಿನ್ನ ಬಗ್ಗೆ ಅಲ್ಲವ್ವಾ, ಅದು ಅಂದಾಜು."

"ನನ್ನ ಮಗಳೂ ಅಂದಾಜ ಏನು?"

ನಾನು ಹೊರಗೆ ಬಂದೆ.

ಮಾರನೆಯ ಬೆಳಿಗ್ಗೆ ಪೊರಕೆ ಹಿಡಿದು ಹೊರಗಿಳಿದೆ. ಚಂಪಾ ಹೋದಾಗಿನಿಂದ ಆ ಕಡೆಯ ನೆಲಕ್ಕೆ ನನ್ನ ಪೊರಕೆ ತಾಗಿರಲಿಲ್ಲ. ಜಾಲಿಯ ಮುಳ್ಳು ಅಂಗೈಗೆ ನಾಟಿತು. ಗುಡಿಸಿದೆ. ತಂಗಿಯ ಮೇಲಿನ ಮಮತೆಯಿಂದ ಗುಡಿಸಿದೆ ಎಂದು ಯಾರೂ ತಿಳಿಯಬೇಡಿ. ಅವಳು ಉತ್ತರ ಕೊಡದೆ ಸತ್ತು ಹೋಗುತ್ತಾಳಲ್ಲ ಎಂಬ ಸಿಟ್ಟು. ಅವಳನ್ನು ಕಟ್ಟಿಹಾಕಿದವನ ಮೇಲೆ ಸಿಟ್ಟು. ಸಹಿ ಹಾಕಿದ ಬಸಲಿಂಗನ ಮೇಲೆ, ಹೆಬ್ಬೆಟ್ಟು ಒತ್ತಿದ ಊರಿನ ಮೇಲೆ, ಒಂದನ್ನು ಕಳೆದು ಬರೆದ ಕೈಯ ಮೇಲೆ. ನಿಂಬೆವ್ವ ಗುಡಿಸಿ ಬಿಟ್ಟಿದ್ದ ನೆಲ ಸಿಗುವ ತನಕ ಗುಡಿಸಿದೆ. ಅವಳ ನೆಲದ ಮೇಲೆ ಧೂಳು ಕೂರುವುದಕ್ಕೂ ಇನ್ನೂ ಪುರುಸೊತ್ತಾಗಿರಲಿಲ್ಲ.

ಮಧ್ಯಾಹ್ನ ಉಣ್ಣಲಿಲ್ಲ, ಮಲಗಲಿಲ್ಲ. ಅಡುಗೆಮನೆಯಲ್ಲಿ ಕಿಂಡಿಯ ಗೋಡೆಗೆ ಬೆನ್ನು ಕೊಟ್ಟು ಕೂತೆ. ಸಿಟ್ಟು ಮನೆಯನ್ನು ದೂರ ಒಯ್ಯುತ್ತದೆ ಎಂದಷ್ಟೇ ನಮ್ಮ ಊರಿಗೆ ಗೊತ್ತಿತ್ತು. ಕೊಡದ ನೀರು ಅಲುಗಾಡಿತು. ನೆಲುವು ಊರಿನ ಕಡೆಗೆ ವಾಲಿತು, ವಾಲಿದ್ದು ಹಿಂದಕ್ಕೆ ಬರಲಿಲ್ಲ. ಒಲೆ ಮತ್ತೆ ಸೀಳಿತು. ಗೋಡೆಯ ಮಣ್ಣು ನನ್ನ ತಲೆಯ ಮೇಲೆ ಉದುರಿತು. ಮನೆ ಓಡಿತು ಅಂದರೆ ಓಡಿತು. ಜಾಲಿಯ ಪೊದೆಗಳನ್ನು ನೆಲಕ್ಕೆ ಒತ್ತಿತು, ಹೊಸ ರಸ್ತೆಗೆಂದು ನೆಟ್ಟಿದ್ದ ಬಣ್ಣದ ಕಲ್ಲುಗಳನ್ನು ಕಡ್ಡಿಯ ಹಾಗೆ ಮುರಿಯಿತು. ಹೊರಗೆ ವ್ಯಾನಿನಿಂದ ಇಳಿದಿದ್ದ ಕೊಳ್ಳುವವರು ಚದುರಿ ಓಡಿದರಂತೆ. ಲಾಡ್ಲೇಸಾಬ ಕೆಟ್ಲಿ ಹಿಡಿದು ಪಕ್ಕದಲ್ಲೇ ಓಡುತ್ತಾ, ದಾರಿ ಬಿಡ್ರಿ, ಅಕ್ಕನ ಮನಿ ಬರಾಕತ್ತೈತಿ ಎನ್ನುತ್ತಿದ್ದನಂತೆ. ನಾನು ಕಂಡಿದ್ದಲ್ಲ, ಅವನೇ ಇವತ್ತಿಗೂ ಹೇಳುವುದು.

ಗೋಡೆ ಗೋಡೆಗೆ ಬಡಿಯಿತು. ಧೂಳು ಇಳಿಯಿತು. ಕಿಂಡಿಗೆ ಕಿಂಡಿ ಸರಿಯಾಗಿ ಕೂತಿತ್ತು. ಆ ಕಡೆಗೆ ಅದೇ ಹಲಗೆ. ಅದರ ಹಿಂದೆ ಕೆಮ್ಮು ಕೇಳಿಸಿತು.

"ಸಾವಕಾಶ ಅಕ್ಕಾ," ಎಂದಳು ನಿಂಬೆವ್ವ. "ಗ್ವಾಡಿ ನನ್ನ ಮ್ಯಾಲ ಬೀಳತೈತಿ."

ಹಲಗೆ ಎಳೆಯುವ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ. ನಾನು ಈ ಕಡೆಯಿಂದ ತಳ್ಳಬಹುದಿತ್ತು. ತಳ್ಳಲಿಲ್ಲ, ಅದನ್ನು ಅವಳೇ ತೆರೆಯಬೇಕಾಗಿತ್ತು. ತೆರೆದಳು. ಮುಖ ನೋಡಿದರೆ ನಮ್ಮ ಅವ್ವನ ಮುಖ, ಅಷ್ಟು ಮುದುಕಿಯಾಗಿದ್ದಳು.

"ಆವಾಗ ಯಾಕ ತಗೀಲಿಲ್ಲ?" ಎಂದೆ.

ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಉತ್ತರವನ್ನು ಅವಳೂ ಬಾಯಲ್ಲೇ ಇಟ್ಟುಕೊಂಡಿದ್ದಳು. "ಕೇಳಸ್ತಿತ್ತಕ್ಕಾ. ಎಲ್ಲಾ ಕೇಳಸ್ತಿತ್ತು. ಅತ್ತಿ ಬ್ಯಾಡ ಅಂದಿದ್ದಳು, ಆದ್ರ ಅತ್ತಿಗೆ ಅಂಜಿ ಅಲ್ಲ. ತಗದಿದ್ರ ಆ ಕೂಸಿನ ಮುಖಾ ನೋಡಿ ಒಳಗ ಬಂದುಬಿಡ್ತಿದ್ದೆ. ಹೊಟ್ಯಾಗ ಇವ ಇದ್ದ." ಅವಳು ಹೊಸ್ತಿಲಲ್ಲಿ ನಿಂತಿದ್ದ ಬಸಲಿಂಗನ ಕಡೆಗೆ ಗದ್ದ ತೋರಿಸಿದಳು. "ನಿನ್ನ ಮಗಳನ್ನ ಬಿಟ್ಟು ಇವನ್ನ ಆರಿಸಿದೆ. ತಪ್ಪೋ ಸರಿಯೋ ನನಗ ಇನ್ನೂ ತಿಳಿವಲ್ತು. ಇವ ನೋಡು, ನನ್ನ ಮನಿಗೆ ಗೂಟಾ ಹೊಡಿಸಿದ."

ಬಸಲಿಂಗ ಅಲ್ಲಿಂದ ಹೋಗಿಬಿಟ್ಟ. ನನಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ. ಅವಳು ಅತ್ತೆಯ ಮೇಲೆ ಹಾಕಿದ್ದರೆ ಸುಲಭವಾಗುತ್ತಿತ್ತು. ಕೈ ಚಾಚಿದಳು, ನಾನು ಹಿಡಿಯಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲೂ ಅವಳಿಗೆ ಆಗಲಿಲ್ಲ, ಕಿಂಡಿಯಲ್ಲೇ ಬಿಟ್ಟಳು.

ಹೊರಗೆ ಸಾಹೇಬ ಕೂಗುತ್ತಿದ್ದ. ಬಾಗಿಲಿಗೆ ಹೋದೆ. ಕೈಯಲ್ಲಿ ಬಿಚ್ಚಿದ ಹಾಳೆ, ಮುಖ ಮೊದಲ ಸಲದ ಹುಡುಗನ ಹಾಗೆ ಆಗಿತ್ತು. ಕೊಳ್ಳುವವರ ವ್ಯಾನು ಆಗಲೇ ಹೊರಟಿತ್ತು. ಏನು ಮಾಡಿದೆಯವ್ವಾ ಎಂದ.

"ಬರಕೋ," ಎಂದೆ. "ಈ ಮನಿಯಾಗ ಕೆಂಚವ್ವ ಅದಾಳ. ಗ್ವಾಡಿ ಆಚೀಕ ನಿಂಬೆವ್ವ ಅದಾಳ. ನಡುವ ಚಂಪಾ ಅಂತ ಒಬ್ಬಾಕಿ ಇದ್ದಳು, ನಿನ್ನ ಹಾಳಿ ತೂತಿನ್ಯಾಗ ಬಟ್ಟು ಇಟ್ಟಾಕಿ. ಹೆಸರು ಬರಕೋ."

ಅವನು ಜೇಬು ತಡಕಿದ. ಪೆನ್ಸಿಲು ಸಿಕ್ಕಿತು. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದ. ಬರೆದನೋ ಇಲ್ಲವೋ ನಾನು ನೋಡಲಿಲ್ಲ. ನನಗೆ ಓದಲು ಅಷ್ಟಾಗಿ ಬರುವುದೂ ಇಲ್ಲ. ಒಳಗೆ ಬಂದೆ.

ನಿಂಬೆವ್ವ ಸಾಯಲಿಲ್ಲ. ಗೋಡೆ ಮುಟ್ಟಿದ ಮೇಲೆ ಅನ್ನ ಇಳಿಯಿತು. ಗೂಟಗಳು ಹಾಗೇ ಇವೆ, ತುಕ್ಕು ಹಿಡಿದಿವೆ. ಉಳಿದ ಊರು ಚೌಕಗಳಲ್ಲಿ ಕೂತು ಬೆಲೆ ಏರುವುದನ್ನು ಕಾಯುತ್ತಿದೆ. ನನ್ನ ಸಿಟ್ಟೂ ಹಾಗೇ ಇದೆ, ಹೋಗಿದೆ ಅಂದುಕೊಂಡವರು ನನ್ನನ್ನು ಅರಿಯರು. ಗೋಡೆ ಮುಟ್ಟಿದ ದಿನ ಸಂಜೆ ನೋಡಿದರೆ ಅವಳ ಕೈ ಕಿಂಡಿಯಲ್ಲಿ ಇನ್ನೂ ಇತ್ತು, ಈ ಸಲ ಅದರಲ್ಲಿ ಮಜ್ಜಿಗೆಯ ಲೋಟ. ಇಸಿದುಕೊಂಡು ಕುಡಿದೆ. ಉಪ್ಪು ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದೆ. ಕುಡಿಯಲಾರದಿದ್ದರೆ ಇತ್ತ ಕೊಡು ಎಂದಳು. ಕೊಡಲಿಲ್ಲ.